ಭೌತವಿಜ್ಞಾನ ಬೋಧನೆಯಲ್ಲಿ ಸಿಮ್ಯುಲೇಶನ್ ಪ್ರಯೋಗಗಳು

ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನಿಟ್ಟುಕೊಂಡು ಮಾಡಬೇಕಾದ ಭೌತವಿಜ್ಞಾನದ ಪ್ರಯೋಗವನ್ನು ಕಂಪ್ಯೂಟರಿನ ಪರದೆಯ ಮೇಲೆ ಮಾಡಿಸಿದರೆ ವಿದ್ಯಾರ್ಥಿ ಕಲಿಯುವುದೇನು, ಕಳೆದುಕೊಳ್ಳುವುದೇನು ಎಂಬ ಪ್ರಶ್ನೆ ಹೊಸದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಮೊದಲಾದ ಪ್ಲೇಟೋ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆ ಮುಂದೆ ಭೌತವಿಜ್ಞಾನದ ಪಾಠಗಳನ್ನೂ ಒಳಗೊಂಡಾಗಿನಿಂದಲೇ ಈ ಚರ್ಚೆ ನಡೆದಿದೆ. ಆದರೆ ಅಗ್ಗದ ಕಂಪ್ಯೂಟರ್, ಅಂತರಜಾಲ ಮತ್ತು ಮೊಬೈಲ್ ಫೋನುಗಳು ಬಂದ ಮೇಲೆ, ಅದರಲ್ಲೂ 2020ರಲ್ಲಿ ಕೋವಿಡ್ ಕಾರಣದಿಂದ ಪ್ರಯೋಗಶಾಲೆಗಳ ಬಾಗಿಲು ಮುಚ್ಚಿದ ಮೇಲೆ, ತಜ್ಞರ ನಡುವಿನ ಚರ್ಚೆಯಾಗಿದ್ದದ್ದು ಪ್ರತಿ ಕಾಲೇಜೂ ತೀರ್ಮಾನಿಸಬೇಕಾದ ವಿಷಯವಾಯಿತು. ಈ ಕುರಿತ ಸಂಶೋಧನೆ ಸಾಕಷ್ಟು ಬೆಳೆದಿದ್ದು, ಅದನ್ನು ಒಟ್ಟಾಗಿಟ್ಟು ನೋಡಿದರೆ 'ಉಪಕರಣ ಮೇಲೋ, ಪರದೆ ಮೇಲೋ' ಎಂದು ಕೇಳುವುದೇ ತಪ್ಪು ದಾರಿಯೆಂದು ತೋರುತ್ತದೆ. ಪ್ರಯೋಗದಿಂದ ಏನನ್ನು ಕಲಿಸಬೇಕೆಂದು ಮೊದಲು ನಿಶ್ಚಯಿಸದ ಹೊರತು ಆ ಪ್ರಶ್ನೆಗೆ ಉತ್ತರವಿಲ್ಲ.

ಇಲ್ಲಿ ಸಿಮ್ಯುಲೇಶನ್ ಎಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಭೌತಿಕ ವ್ಯವಸ್ಥೆಯ ಗಣಿತ ಮಾದರಿಯನ್ನು, ಅಂದರೆ ಅದರ ವರ್ತನೆಯನ್ನು ನಿರ್ಧರಿಸುವ ಸಮೀಕರಣಗಳನ್ನು, ಒಳಗಿಟ್ಟುಕೊಂಡು, ಬಳಸುವವರು ಬದಲಿಸಿದ ಪರಿಮಾಣಗಳಿಗೆ ತಕ್ಕಂತೆ ಮುಂದಿನ ಸ್ಥಿತಿಯನ್ನು ಕ್ಷಣ ಕ್ಷಣಕ್ಕೂ ಲೆಕ್ಕಹಾಕಿ ಚಿತ್ರವಾಗಿ ತೋರಿಸುವ ಪ್ರೋಗ್ರಾಮು ಸಿಮ್ಯುಲೇಶನ್. ಮೊದಲೇ ಚಿತ್ರಿಸಿಟ್ಟದ್ದನ್ನು ಓಡಿಸಿ ತೋರಿಸುವ ಅನಿಮೇಶನ್ ಇದಲ್ಲ, ಏಕೆಂದರೆ ಅದರಲ್ಲಿ ವಿದ್ಯಾರ್ಥಿ ಬದಲಿಸಬಹುದಾದದ್ದು ಏನೂ ಇರುವುದಿಲ್ಲ. ಬೇರೊಂದು ಊರಿನ ಪ್ರಯೋಗಶಾಲೆಯಲ್ಲಿರುವ ನಿಜವಾದ ಉಪಕರಣವನ್ನು ಅಂತರಜಾಲದ ಮೂಲಕ ನಡೆಸಿ ಅಳತೆ ತೆಗೆದುಕೊಳ್ಳುವ ದೂರನಿಯಂತ್ರಿತ ಪ್ರಯೋಗಶಾಲೆಯೂ ಇದಲ್ಲ, ಏಕೆಂದರೆ ಅಲ್ಲಿ ಉತ್ತರ ಕೊಡುವುದು ಪ್ರಕೃತಿಯೇ ಹೊರತು ಪ್ರೋಗ್ರಾಮಲ್ಲ. ಈ ಮೂರನ್ನೂ 'ವರ್ಚುವಲ್ ಲ್ಯಾಬ್' ಎಂಬ ಒಂದೇ ಹೆಸರಿನಡಿ ಕಲೆಸಿ ಮಾತಾಡುವುದರಿಂದಲೇ ಈ ವಿಷಯದ ಅರ್ಧದಷ್ಟು ಗೊಂದಲ ಹುಟ್ಟಿದೆ.

ಲೆಕ್ಕ ಹಾಕುವ ವಿಧಾನವೂ ನಿರ್ದೋಷವಲ್ಲ. ಸ್ಪ್ರಿಂಗಿಗೆ ತೂಗುಹಾಕಿದ ಒಂದು ಬಟ್ಟಿನ ಚಲನೆಯನ್ನು ಲೆಕ್ಕಹಾಕಲು ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನ ಮೊದಲಿನ ಸ್ಥಾನ ಮತ್ತು ವೇಗಗಳಿಂದ ಅದರ ಕೊನೆಯ ಸ್ಥಾನ ಮತ್ತು ವೇಗಗಳನ್ನು ಕಂಡುಕೊಳ್ಳುವುದು ಆಯ್ಲರ್ ವಿಧಾನವೆಂಬ ಅತ್ಯಂತ ಸರಳ ಮಾರ್ಗ. ಹೀಗೆ ಮಾಡಿದರೆ ಪ್ರತಿ ಹೆಜ್ಜೆಯಲ್ಲೂ ಬಟ್ಟಿನ ಶಕ್ತಿ ಒಂದಿಷ್ಟು ಹೆಚ್ಚುತ್ತ ಹೋಗಿ, ಘರ್ಷಣೆಯಿಲ್ಲದ ಸ್ಪ್ರಿಂಗು ತನ್ನಷ್ಟಕ್ಕೆ ತಾನೇ ಹೆಚ್ಚು ಹೆಚ್ಚು ಜಗ್ಗತೊಡಗುತ್ತದೆ. ಶಕ್ತಿಯ ಸಂರಕ್ಷಣೆಯ ನಿಯಮ ಪರದೆಯ ಮೇಲೆ ಮುರಿದುಬೀಳುತ್ತದೆ. ಮೊದಲು ಹೊಸ ವೇಗವನ್ನು ಕಂಡುಕೊಂಡು, ಆ ಹೊಸ ವೇಗದಿಂದಲೇ ಹೊಸ ಸ್ಥಾನವನ್ನು ಲೆಕ್ಕಹಾಕಿದರೆ ಈ ದೋಷ ಬಹುಮಟ್ಟಿಗೆ ಮಾಯವಾಗುತ್ತದೆ ಎಂಬುದನ್ನು ಭೌತವಿಜ್ಞಾನಿ ಅಲನ್ ಕ್ರೋಮರ್ 1981ರಲ್ಲಿ ವಿವರಿಸಿದರು. ಪ್ರೋಗ್ರಾಮಿನ ಎರಡು ಸಾಲುಗಳನ್ನು ಹಿಂದುಮುಂದಾಗಿ ಬರೆದ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿನಿಯ ಕೆಲಸದಿಂದ ಈ ಸಂಗತಿ ಅವರ ಗಮನಕ್ಕೆ ಬಂದಿತ್ತೆಂಬುದು ಸ್ವಾರಸ್ಯಕರ. ಪರದೆಯ ಮೇಲಿನ ಸ್ಪ್ರಿಂಗು ಪ್ರಕೃತಿಯ ನಿಯಮವನ್ನು ಪಾಲಿಸುತ್ತಿಲ್ಲ, ಪ್ರೋಗ್ರಾಮು ಬರೆದವರು ಆಯ್ದುಕೊಂಡ ನಿಯಮವನ್ನು ಅವರು ಆಯ್ದುಕೊಂಡ ವಿಧಾನದಲ್ಲಿ ಪಾಲಿಸುತ್ತಿದೆ ಎಂಬುದು ವಿದ್ಯಾರ್ಥಿಗೆ ತಿಳಿದಿರಬೇಕು. ಬಳಕೆಯಲ್ಲಿರುವ ಕೈಪಿಡಿಗಳು ಇದನ್ನು ಹೇಳುವುದು ಬಲು ಅಪರೂಪ.

ಅತ್ತ ಸಾಂಪ್ರದಾಯಿಕ ಪ್ರಯೋಗಶಾಲೆಯ ಉದ್ದೇಶವೂ ಎಂದೂ ನಿಚ್ಚಳವಾಗಿರಲಿಲ್ಲ. ವಿದ್ಯಾರ್ಥಿಗಳು ಕೈಯಾರೆ ಪ್ರಯೋಗ ಮಾಡಬೇಕೆಂಬ ಪದ್ಧತಿ ಶಾಲೆಗಳಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ತಮ್ಮ ಹೆಸರಿನ ಪರಿಣಾಮದಿಂದ ಪ್ರಸಿದ್ಧರಾದ ಎಡ್ವಿನ್ ಹಾಲ್ ಅವರು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಸಿದ್ಧಪಡಿಸಿದ ಪ್ರಯೋಗಗಳ ಪಟ್ಟಿ ಅಮೆರಿಕದ ಶಾಲೆಗಳ ಮೇಲೆ ಗಾಢ ಪ್ರಭಾವ ಬೀರಿತು. ಪ್ರಯೋಗವೆಂದರೆ ಪಟ್ಟಿಯಲ್ಲಿರುವ ಒಂದು ಬಾಬು, ಅದಕ್ಕೊಂದು ನಿಗದಿತ ವಿಧಾನ, ಒಂದು ತಿಳಿದಿರುವ ಉತ್ತರ ಎಂಬ ರೂಢಿ ಎಲ್ಲೆಡೆ ಹಬ್ಬಿ, ಭಾರತದ ಕಾಲೇಜುಗಳಲ್ಲೂ ನೆಲೆಯೂರಿತು. ತರಗತಿಯಲ್ಲಿ ಹೇಳಿದ ತತ್ತ್ವವನ್ನು ಮನದಟ್ಟು ಮಾಡಿಸುವುದೇ, ಅಳೆಯುವ ಕೌಶಲವನ್ನು ಕಲಿಸುವುದೇ, ಅಥವಾ ಗೊತ್ತಿಲ್ಲದ್ದನ್ನು ಪ್ರಯೋಗದಿಂದ ಹೇಗೆ ತಿಳಿದುಕೊಳ್ಳಬೇಕೆಂಬುದನ್ನು ಕಲಿಸುವುದೇ ಎಂಬ ಮೂರು ಬೇರೆ ಬೇರೆ ಗುರಿಗಳು ಒಂದೇ ಮೂರು ಗಂಟೆಯ ಅವಧಿಯಲ್ಲಿ ಒಟ್ಟಿಗೆ ತುರುಕಲ್ಪಟ್ಟವು. ಸಿಮ್ಯುಲೇಶನ್ ಕುರಿತ ಅಧ್ಯಯನಗಳು ಒಂದಕ್ಕೊಂದು ಹೊಂದದಂತೆ ಕಾಣುವುದಕ್ಕೆ, ಒಂದು ಅಧ್ಯಯನ ಒಂದು ಗುರಿಯನ್ನೂ ಇನ್ನೊಂದು ಮತ್ತೊಂದನ್ನೂ ಅಳೆದಿರುವುದೇ ಮುಖ್ಯ ಕಾರಣ.

ತತ್ತ್ವವನ್ನು ಮನದಟ್ಟು ಮಾಡಿಸುವ ಗುರಿಯ ಮಟ್ಟಿಗೆ ಸಿಮ್ಯುಲೇಶನ್ ಪರವಾದ ಸಾಕ್ಷ್ಯ ಬಲವಾಗಿದೆ. 2001ರ ನೊಬೆಲ್ ಪ್ರಶಸ್ತಿ ಪಡೆದವರಲ್ಲೊಬ್ಬರಾದ ಭೌತವಿಜ್ಞಾನಿ ಕಾರ್ಲ್ ವೈಮನ್ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು ಇಂದು ಉಚಿತವಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಇವುಗಳಲ್ಲಿ ವಿದ್ಯುತ್ ಮಂಡಲಗಳನ್ನು ಕಟ್ಟುವ ಒಂದು ಸಿಮ್ಯುಲೇಶನ್‌ನಲ್ಲಿ ವಿದ್ಯಾರ್ಥಿ ಬ್ಯಾಟರಿ, ಬಲ್ಬು, ತಂತಿ, ರೋಧಕಗಳನ್ನು ಪರದೆಯ ಮೇಲೆ ಎಳೆದು ತಂದು ಜೋಡಿಸಿದರೆ, ತಂತಿಯ ಒಳಗೆ ಎಲೆಕ್ಟ್ರಾನುಗಳು ನೀಲಿ ಗುಂಡುಗಳಾಗಿ ಹರಿಯುವುದು ಕಾಣುತ್ತದೆ. ನೋವಾ ಫಿಂಕೆಲ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಕೋರ್ಸಿನ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ನಿಜವಾದ ಬಲ್ಬು-ತಂತಿಗಳನ್ನೂ ಇನ್ನೊಂದಕ್ಕೆ ಈ ಸಿಮ್ಯುಲೇಶನ್ ಅನ್ನೂ ಕೊಟ್ಟು, ಅವಧಿಯ ಕೊನೆಯಲ್ಲಿ ಎರಡೂ ಗುಂಪುಗಳಿಗೆ ನಿಜವಾದ ಉಪಕರಣಗಳಿಂದಲೇ ಒಂದು ಮಂಡಲವನ್ನು ಕಟ್ಟಿ, ಅದರ ಒಂದು ಭಾಗವನ್ನು ತೆಗೆದರೆ ಏನಾಗುತ್ತದೆಂದು ವಿವರಿಸಲು ಹೇಳಲಾಯಿತು. ಅಲ್ಲಿಯವರೆಗೆ ತಂತಿಯನ್ನು ಮುಟ್ಟಿಯೇ ಇರದ ಸಿಮ್ಯುಲೇಶನ್ ಗುಂಪು ಈ ಕೆಲಸವನ್ನು ಕಡಿಮೆ ಸಮಯದಲ್ಲಿ ಮುಗಿಸಿ, ಹೆಚ್ಚು ಸರಿಯಾದ ವಿವರಣೆ ಕೊಟ್ಟಿತು. ಕೋರ್ಸಿನ ಕೊನೆಯ ಪರೀಕ್ಷೆಯಲ್ಲೂ ವಿದ್ಯುತ್ ಮಂಡಲಗಳ ಪ್ರಶ್ನೆಗಳಿಗೆ ಆ ಗುಂಪಿನ ಉತ್ತರಗಳೇ ಮೇಲಾಗಿದ್ದವು.

ಈ ಫಲಿತಾಂಶದ ಕಾರಣವನ್ನು ಗಮನಿಸಬೇಕು. ಬ್ಯಾಟರಿಯಿಂದ ಹೊರಟ ವಿದ್ಯುತ್ ಪ್ರವಾಹ ಮೊದಲ ಬಲ್ಬಿನಲ್ಲಿ ಒಂದಿಷ್ಟು 'ಖರ್ಚಾಗಿ' ಎರಡನೆಯದಕ್ಕೆ ಉಳಿದಷ್ಟು ಮಾತ್ರ ತಲುಪುತ್ತದೆ ಎಂಬ ತಪ್ಪು ಗ್ರಹಿಕೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ನಿಜವಾದ ಬಲ್ಬುಗಳು ಈ ಗ್ರಹಿಕೆಯನ್ನು ಸುಲಭವಾಗಿ ಅಲ್ಲಗಳೆಯುವುದಿಲ್ಲ, ಏಕೆಂದರೆ ಒಂದೇ ಮಾದರಿಯ ಎರಡು ಬಲ್ಬುಗಳೂ ತಯಾರಿಕೆಯ ಸಣ್ಣ ವ್ಯತ್ಯಾಸದಿಂದ ಬೇರೆ ಬೇರೆ ಪ್ರಮಾಣದಲ್ಲಿ ಬೆಳಗಬಹುದು, ಹಳತಾದ ಸೆಲ್ಲು ಪ್ರಯೋಗದ ನಡುವೆಯೇ ಸೋಲಬಹುದು. ಪರದೆಯ ಮೇಲಾದರೋ ಬಲ್ಬಿಗೆ ಒಳಹೋಗುವ ಗುಂಡುಗಳ ಹರಿವು, ಹೊರಬರುವ ಹರಿವು ಎರಡೂ ಸಮವೆಂಬುದು ಕಣ್ಣೆದುರಿಗೇ ಇರುತ್ತದೆ. ಮುಖ್ಯವಲ್ಲದ್ದನ್ನು ಮರೆಮಾಡಿ, ಕಾಣದ್ದನ್ನು ಕಾಣಿಸುವುದು ಸಿಮ್ಯುಲೇಶನ್‌ನ ಶಕ್ತಿ. ಆದರೆ ಇದೇ ಶಕ್ತಿಯಿಂದ ಬೇರೊಂದು ತಪ್ಪು ಗ್ರಹಿಕೆ ಹುಟ್ಟಲೂಬಹುದು. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಪ್ರವಾಹವಿದ್ದಾಗ ಎಲೆಕ್ಟ್ರಾನುಗಳು ಮುಂದೆ ಸರಿಯುವ ಸರಾಸರಿ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ. ಪರದೆಯ ಮೇಲೆ ಸರಸರನೆ ಓಡುವ ಗುಂಡುಗಳನ್ನು ನೋಡಿದ ವಿದ್ಯಾರ್ಥಿ ಇದನ್ನು ಊಹಿಸಲಾರ. ಇದನ್ನು ಸಿಮ್ಯುಲೇಶನ್ ತಾನಾಗಿ ಹೇಳುವುದಿಲ್ಲ, ಶಿಕ್ಷಕರೇ ಹೇಳಬೇಕು.

ಕೈಯಿಂದ ಮುಟ್ಟಿ ಮಾಡಿದ್ದೇ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬ ನಂಬಿಕೆಯನ್ನೂ ಸಂಶೋಧಕರು ಪರೀಕ್ಷೆಗೊಡ್ಡಿದ್ದಾರೆ. ಲಾರಾ ಟ್ರಯೋನಾ ಮತ್ತು ಡೇವಿಡ್ ಕ್ಲಾರ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೆಯೇ ಇಟ್ಟು ಪ್ರಯೋಗ ರೂಪಿಸುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ನಿಜವಾದ ಸ್ಪ್ರಿಂಗುಗಳಿಂದಲೂ ಪರದೆಯ ಸ್ಪ್ರಿಂಗುಗಳಿಂದಲೂ ಕಲಿಸಿ ನೋಡಿದಾಗ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೈಪ್ರಸ್ಸಿನ ಜಕರಿಯಾಸ್ ಜಕರಿಯಾ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳೊಂದಿಗೆ ತಕ್ಕಡಿಯನ್ನು ಬಳಸಿ ಮಾಡಿದ, 2012ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೊಂದು ಮುಖ್ಯವಾದ ತಿದ್ದುಪಡಿಯನ್ನು ಸೇರಿಸಿತು. ತಕ್ಕಡಿ ಏನು ಮಾಡುತ್ತದೆಂಬ ಸರಿಯಾದ ತಿಳಿವಳಿಕೆ ಮೊದಲೇ ಇದ್ದ ಮಕ್ಕಳಿಗೆ ಪರದೆ ಸಾಕಾಯಿತು. ಆ ತಿಳಿವಳಿಕೆ ತಪ್ಪಾಗಿದ್ದ ಮಕ್ಕಳಿಗೆ ಮಾತ್ರ ಕೈಯಲ್ಲಿ ತೂಕ ಹಿಡಿದು ನೋಡುವುದು ಅಗತ್ಯವಾಗಿತ್ತು. ಸ್ಪರ್ಶದ ಅನುಭವ ಯಾವ ಪರಿಕಲ್ಪನೆಗೆ ಆಧಾರವೋ ಅಲ್ಲಿ ಉಪಕರಣ ಬೇಕು, ಅನುಭವ ಈಗಾಗಲೇ ಇದ್ದಲ್ಲಿ ಬೇಡ ಎಂಬ ಈ ಗೆರೆ ಒಟ್ಟು ಚರ್ಚೆಯಲ್ಲೇ ಅತ್ಯಂತ ಉಪಯುಕ್ತವಾದದ್ದು. ಟಾನ್ ಡಿ ಯಾಂಗ್, ಮಾರ್ಸಿಯಾ ಲಿನ್ ಮತ್ತು ಜಕರಿಯಾ ಅವರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಸಮೀಕ್ಷೆಯೂ ಎರಡು ಬಗೆಯ ಪ್ರಯೋಗಗಳಿಗೂ ಅವವುಗಳದೇ ಆದ ಅನುಕೂಲಗಳಿವೆಯೆಂದೂ ಎರಡನ್ನು ಹದವಾಗಿ ಬೆರೆಸುವುದು ಲಾಭಕರವೆಂದೂ ಹೇಳುತ್ತದೆ.

ಉಪಕರಣಗಳ ಪಕ್ಷ ವಹಿಸುವವರಿಗೆ ಇನ್ನೂ ಕಸಿವಿಸಿ ತರುವ ಫಲಿತಾಂಶ ಬಂದದ್ದು ಸಿಮ್ಯುಲೇಶನ್ ಕಡೆಯಿಂದಲ್ಲ, ಪ್ರಯೋಗಶಾಲೆಯ ಕಡೆಯಿಂದಲೇ. ನತಾಶಾ ಹೋಮ್ಸ್, ವೈಮನ್ ಮೊದಲಾದವರು ಪ್ರಯೋಗಶಾಲೆಯ ಭಾಗವನ್ನು ಐಚ್ಛಿಕವಾಗಿ ಇಟ್ಟಿದ್ದ ಹಲವು ಕೋರ್ಸುಗಳ ಅಂಕಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತತ್ತ್ವಗಳನ್ನು ದೃಢಪಡಿಸುವ ಉದ್ದೇಶದ ಪ್ರಯೋಗಶಾಲೆಗೆ ಹೋದವರು ಪರೀಕ್ಷೆಯಲ್ಲಿ ಹೋಗದವರಿಗಿಂತ ಅಳೆಯಬಹುದಾದಷ್ಟು ಮೇಲೇನೂ ಇರಲಿಲ್ಲ. ನಿಗದಿತ ಹೆಜ್ಜೆಗಳನ್ನು ಅನುಸರಿಸಿ ತಿಳಿದ ಉತ್ತರವನ್ನು ಮುಟ್ಟುವ ಪ್ರಯೋಗ ತತ್ತ್ವವನ್ನೂ ಕಲಿಸುವುದಿಲ್ಲ, ಪ್ರಯೋಗಶೀಲತೆಯನ್ನೂ ಕಲಿಸುವುದಿಲ್ಲ ಎಂದಾದರೆ, ಅದನ್ನು ಪರದೆಗೆ ಸಾಗಿಸುವುದರಿಂದ ಆಗುವ ನಷ್ಟವೂ ದೊಡ್ಡದಲ್ಲ, ಲಾಭವೂ ದೊಡ್ಡದಲ್ಲ.

ಹಾಗಾದರೆ ಉಪಕರಣವೊಂದೇ ಕಲಿಸಬಲ್ಲದ್ದು ಯಾವುದು? ಹೋಮ್ಸ್, ವೈಮನ್ ಮತ್ತು ಬಾನ್ ಅವರ 2015ರ ಅಧ್ಯಯನದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಲೋಲಕದ ಆವರ್ತಕಾಲ, ಅಂದರೆ ಒಂದು ಪೂರ್ಣ ತೂಗಾಟಕ್ಕೆ ಹಿಡಿಯುವ ಸಮಯ, ಅದನ್ನು ಎಷ್ಟು ಕೋನದಿಂದ ಬಿಡಲಾಯಿತು ಎಂಬುದನ್ನು ಅವಲಂಬಿಸಿಲ್ಲವೆಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಅದು ಸಣ್ಣ ಕೋನಗಳಿಗೆ ಮಾತ್ರ ಹೊಂದುವ ಅಂದಾಜು. ವಿದ್ಯಾರ್ಥಿಗಳು 10 ಡಿಗ್ರಿ ಮತ್ತು 20 ಡಿಗ್ರಿಗಳಲ್ಲಿ ಆವರ್ತಕಾಲವನ್ನು ಅಳೆದು, ಎರಡರ ವ್ಯತ್ಯಾಸವನ್ನು ಅಳತೆಯ ಅನಿಶ್ಚಿತತೆಯೊಂದಿಗೆ ಹೋಲಿಸಿ, ಮತ್ತೆ ಮತ್ತೆ ಅಳತೆಯನ್ನು ಸುಧಾರಿಸಬೇಕಿತ್ತು. ಒಂದು ಮೀಟರ್ ಉದ್ದದ ಲೋಲಕದ ಆವರ್ತಕಾಲ ಸುಮಾರು 2 ಸೆಕೆಂಡ್. ಎರಡು ಕೋನಗಳ ನಡುವಿನ ವ್ಯತ್ಯಾಸ ಅದರಲ್ಲಿ ಶೇಕಡ 0.6ರಷ್ಟು, ಅಂದರೆ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು. ಸ್ಟಾಪ್‌ವಾಚಿನ ಗುಂಡಿ ಒತ್ತುವ ಬೆರಳು ಇದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ತಡಮಾಡುತ್ತದೆಯಾದ್ದರಿಂದ ಒಂದು ತೂಗಾಟವನ್ನು ಅಳೆದವರಿಗೆ ಪಠ್ಯಪುಸ್ತಕವೇ ಸರಿಯೆನಿಸುತ್ತದೆ. ಐವತ್ತು ತೂಗಾಟಗಳನ್ನು ಒಟ್ಟಿಗೆ ಅಳೆದರೆ ವ್ಯತ್ಯಾಸ ಅರ್ಧ ಸೆಕೆಂಡನ್ನು ದಾಟಬೇಕು, ಆದರೆ ಅಷ್ಟರಲ್ಲಿ ತೂಗಾಟವೇ ಕುಗ್ಗುತ್ತದೆ. ಹಗುರ ಗುಂಡಿನ ಬದಲು ಭಾರದ್ದನ್ನು ಕಟ್ಟಬೇಕೆ, ತೂಗಾಟಗಳ ಸಂಖ್ಯೆಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು ಯೋಚಿಸದೆ ಗತಿಯಿಲ್ಲ. ಹೀಗೆ ಯೋಚಿಸಲು ಕಲಿತ ಗುಂಪು, ಪ್ರಯೋಗದ ವಿಧಾನವನ್ನು ತಾನಾಗಿ ಬದಲಿಸಲು ಮುಂದಾದದ್ದು ಸಾಮಾನ್ಯ ರೀತಿಯಲ್ಲಿ ಕಲಿತ ಗುಂಪಿಗಿಂತ ಹನ್ನೆರಡು ಪಟ್ಟು ಹೆಚ್ಚು ಎಂದು ಆ ಅಧ್ಯಯನ ವರದಿ ಮಾಡಿತು.

ಇದೇ ಪ್ರಯೋಗವನ್ನು ಪರದೆಗೆ ತಂದರೆ ಎರಡರಲ್ಲೊಂದು ಆಗುತ್ತದೆ. ಪ್ರೋಗ್ರಾಮು ಬರೆದವರು ಸಣ್ಣ ಕೋನದ ಅಂದಾಜನ್ನೇ ಬಳಸಿದ್ದರೆ ವಿದ್ಯಾರ್ಥಿ ಎಷ್ಟೇ ಜಾಣನಾಗಿದ್ದರೂ ವ್ಯತ್ಯಾಸ ಸಿಕ್ಕುವುದಿಲ್ಲ, ಏಕೆಂದರೆ ಅದು ಅಲ್ಲಿ ಇಲ್ಲವೇ ಇಲ್ಲ. ಪೂರ್ಣ ಸಮೀಕರಣವನ್ನು ಬಳಸಿದ್ದರೆ ಪರದೆಯ ಗಡಿಯಾರ ಮೊದಲ ತೂಗಾಟದಲ್ಲೇ ಅದನ್ನು ತೋರಿಸಿಬಿಡುತ್ತದೆ, ಹುಡುಕಬೇಕಾದ ಶ್ರಮವೇ ಉಳಿಯುವುದಿಲ್ಲ. ಗುರುತ್ವ ವೇಗೋತ್ಕರ್ಷದ ಬೆಲೆಯ ವಿಷಯವೂ ಹೀಗೆಯೇ. ಪಠ್ಯದಲ್ಲಿ ಅದು 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ, ಆದರೆ ಭೂಮಧ್ಯರೇಖೆಗೆ ಹತ್ತಿರವಿದ್ದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 9.78ರ ಹತ್ತಿರ. ಬಹಳ ಎಚ್ಚರದಿಂದ ಮಾಡಿದ ಲೋಲಕದ ಪ್ರಯೋಗಕ್ಕೆ ಈ ಅಂತರ ದಕ್ಕುವ ಅಂಚಿನಲ್ಲಿದೆ. ಪರದೆಯ ಲೋಲಕಕ್ಕೆ ತಾನು ಯಾವ ಊರಿನಲ್ಲಿದ್ದೇನೆಂಬುದೇ ಗೊತ್ತಿಲ್ಲ.

ಭಾರತದಲ್ಲಿ ಈ ಕ್ಷೇತ್ರದ ಸರ್ಕಾರಿ ಪ್ರಯತ್ನ ಗಣನೀಯವಾದದ್ದು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣವೆಂಬ ರಾಷ್ಟ್ರೀಯ ಅಭಿಯಾನದಡಿ, ದೆಹಲಿಯ ಐಐಟಿಯ ನೇತೃತ್ವದಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯೂ ಸೇರಿದಂತೆ ಹಲವು ಸಂಸ್ಥೆಗಳು ಕೂಡಿ ಇಂಜಿನಿಯರಿಂಗ್ ಮತ್ತು ವಿಜ್ಞಾನ ಪದವಿ ವಿದ್ಯಾರ್ಥಿಗಳಿಗಾಗಿ 'ವರ್ಚುವಲ್ ಲ್ಯಾಬ್ಸ್' ರೂಪಿಸಿವೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನವರಿಗೆ ಗಣಕ ಸಂಶೋಧನಾ ಸಂಸ್ಥೆಯಾದ ಸಿಡ್ಯಾಕ್ ಮತ್ತು ಅಮೃತ ವಿಶ್ವವಿದ್ಯಾಪೀಠದವರ 'ಓಲ್ಯಾಬ್ಸ್' ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವರ್ಚುವಲ್ ಲ್ಯಾಬುಗಳನ್ನು ಪ್ರೋತ್ಸಾಹಿಸುತ್ತದೆ. ಉಪಕರಣಗಳಿಲ್ಲದ, ಇದ್ದರೂ ಬೀರುವಿನಿಂದ ಹೊರಬರದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದರಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯಲಾಗದು.

ಆದರೆ ಇಲ್ಲಿ ಬಳಕೆಯಲ್ಲಿರುವ ಪರದೆಯ ಪ್ರಯೋಗಗಳಲ್ಲಿ ಬಹಳಷ್ಟು ಪಠ್ಯಕ್ರಮದ ಪಟ್ಟಿಯಲ್ಲಿರುವ ಪ್ರಯೋಗವನ್ನೇ, ರೆಕಾರ್ಡ್ ಪುಸ್ತಕದ ಅನುಕ್ರಮದಲ್ಲೇ ಮರುರೂಪಿಸುತ್ತವೆ. ಮೀಟರ್ ಬ್ರಿಡ್ಜನ್ನು ತೆಗೆದುಕೊಂಡರೆ ಇದರ ಇತಿಮಿತಿ ಸ್ಪಷ್ಟವಾಗುತ್ತದೆ. ಒಂದು ಮೀಟರ್ ಉದ್ದದ ಏಕರೂಪದ ತಂತಿಯ ಮೇಲೆ ಜಾಕಿ ಎಂಬ ಲೋಹದ ಮೊನೆಯನ್ನು ಒತ್ತುತ್ತ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಬಿಂದುವನ್ನು ಹುಡುಕಿ, ತಂತಿಯ ಎರಡು ಭಾಗಗಳ ಉದ್ದದ ಅನುಪಾತದಿಂದ ಗೊತ್ತಿಲ್ಲದ ರೋಧವನ್ನು ಲೆಕ್ಕಹಾಕುವುದು ಈ ಪ್ರಯೋಗ. ನಿಜವಾದ ಬ್ರಿಡ್ಜಿನಲ್ಲಿ ಜಾಕಿಯನ್ನು ಉಜ್ಜಿ ಎಳೆದರೆ ತಂತಿ ಸವೆಯುತ್ತದೆ, ಸಡಿಲ ತಿರುಪಿನಿಂದ ಮುಳ್ಳು ಅಲುಗಾಡುತ್ತದೆ, ಪ್ರವಾಹವನ್ನು ಹೆಚ್ಚು ಹೊತ್ತು ಬಿಟ್ಟರೆ ತಂತಿ ಬಿಸಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಡ ಮತ್ತು ಬಲ ಕಂಡಿಗಳಲ್ಲಿನ ರೋಧಗಳನ್ನು ಅದಲುಬದಲು ಮಾಡಿದಾಗ ಉತ್ತರ ತುಸು ಬೇರೆ ಬರುತ್ತದೆ, ಏಕೆಂದರೆ ತಂತಿಯ ತುದಿಗಳಲ್ಲಿರುವ ತಾಮ್ರದ ಪಟ್ಟಿಗಳಿಗೂ ಬೆಸುಗೆಗೂ ತಮ್ಮದೇ ಸಣ್ಣ ರೋಧವಿದೆ. ಪರದೆಯ ಬ್ರಿಡ್ಜಿನಲ್ಲಿ ಸಾಮಾನ್ಯವಾಗಿ ಇವಾವುದೂ ಇರುವುದಿಲ್ಲ. ಹಾಗೆಂದು ತಂತಿಯೊಳಗಿನ ವಿಭವದ ಇಳಿಕೆಯನ್ನು ಬಣ್ಣದಿಂದ ತೋರಿಸುವ ಅನುಕೂಲವನ್ನೂ ಬಹುಪಾಲು ಪ್ರೋಗ್ರಾಮುಗಳು ಬಳಸಿಕೊಳ್ಳುವುದಿಲ್ಲ. ಉಪಕರಣದ ಒರಟುತನವೂ ಇಲ್ಲದ, ಮಾದರಿಯ ಪಾರದರ್ಶಕತೆಯೂ ಇಲ್ಲದ ಇಂತಹ ನಕಲುಗಳೇ ಸಿಮ್ಯುಲೇಶನ್ ಬಳಕೆಯ ಅತ್ಯಂತ ದುರ್ಬಲ ರೂಪ. ಕೆಲವು ಪ್ರೋಗ್ರಾಮುಗಳು ವಾಸ್ತವಿಕತೆಗಾಗಿ ಪ್ರತಿ ಅಳತೆಗೂ ಒಂದಿಷ್ಟು ಯಾದೃಚ್ಛಿಕ ದೋಷವನ್ನು ಬೆರೆಸುತ್ತವೆ. ಸರಾಸರಿ ತೆಗೆಯುವ ಅಭ್ಯಾಸಕ್ಕೆ ಅದು ಸಾಕು. ಆದರೆ ತುದಿಯ ರೋಧದಂತಹ, ಎಷ್ಟು ಸಲ ಅಳೆದರೂ ಒಂದೇ ದಿಕ್ಕಿಗೆ ಎಳೆಯುವ ವ್ಯವಸ್ಥಿತ ದೋಷವನ್ನು ಅನುಮಾನಿಸಿ ಪತ್ತೆಹಚ್ಚುವುದನ್ನು ಅದು ಕಲಿಸಲಾರದು.

ರೆಕಾರ್ಡ್ ಪುಸ್ತಕ, ವೈವಾ, ಅಂಕ ಎಂಬ ಚೌಕಟ್ಟಿನಲ್ಲಿ ನಿಜವಾದ ಉಪಕರಣದಿಂದಲೂ ಈ ಕಲಿಕೆ ನಡೆಯುತ್ತಿಲ್ಲವೆಂಬುದು ಬೇರೆ ಮಾತು. ಕರ್ನಾಟಕದ ದ್ವಿತೀಯ ಪಿಯುಸಿಯಲ್ಲಿ ಭೌತವಿಜ್ಞಾನದ 100 ಅಂಕಗಳಲ್ಲಿ 30 ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ನಿರೀಕ್ಷಿತ ಉತ್ತರದ ಹತ್ತಿರ ಬಂದದ್ದಕ್ಕೆ ಅಂಕ ಸಿಗುವಲ್ಲಿ, ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ರೀಡಿಂಗ್ ಹೊಂದಿಸುವ ವಿದ್ಯೆಯನ್ನು ವಿದ್ಯಾರ್ಥಿಗಳು ಬೇಗನೆ ಕಲಿಯುತ್ತಾರೆ. ಉಪಕರಣವನ್ನು ತೆಗೆದು ಪರದೆಯನ್ನಿಟ್ಟರೆ ಆ ಹೊಂದಾಣಿಕೆಯ ಶ್ರಮ ಉಳಿತಾಯವಾಗುತ್ತದೆ, ಅಷ್ಟೇ.

ಸಿಮ್ಯುಲೇಶನ್‌ಗೆ ಪರ್ಯಾಯವೇ ಇಲ್ಲದ ಕ್ಷೇತ್ರಗಳೂ ಇವೆ. ಚಿನ್ನದ ತೆಳುಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ ಗೈಗರ್ ಮತ್ತು ಮಾರ್ಸ್ಡನ್ ಮಾಡಿದ, ರುದರ್‌ಫರ್ಡ್ ಅವರನ್ನು 1911ರಲ್ಲಿ ಪರಮಾಣುವಿನ ಬೀಜಕೇಂದ್ರದತ್ತ ಒಯ್ದ ಪ್ರಯೋಗವನ್ನು ಪಿಯು ಕಾಲೇಜಿನಲ್ಲಿ ಮಾಡಿಸುವುದು ಆಗದ ಮಾತು. ಗ್ರಹಗಳ ಕಕ್ಷೆ, ಅನಿಲದ ಅಣುಗಳ ವೇಗದ ಹಂಚಿಕೆ ಮುಂತಾದವುಗಳಲ್ಲೂ ಪರದೆಯೇ ಗತಿ. ಇವುಗಳಲ್ಲಿ ಸಿಮ್ಯುಲೇಶನ್ ಸ್ಪರ್ಧಿಸುತ್ತಿರುವುದು ಪ್ರಯೋಗಶಾಲೆಯೊಂದಿಗಲ್ಲ, ಕಪ್ಪುಹಲಗೆಯ ಚಿತ್ರದೊಂದಿಗೆ. ಅಲ್ಲಿ ಗೆಲುವು ಯಾರದೆಂಬುದರಲ್ಲಿ ಸಂದೇಹವಿಲ್ಲ. ಫೆಟ್‌ನ ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲಿಯೂ ಸಿಗುವುದರಿಂದ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಗೂ ಈ ದಾರಿ ತೆರೆದಿದೆ.

ಇತ್ತೀಚೆಗೆ ಉಪಕರಣ ಮತ್ತು ಕಂಪ್ಯೂಟರಿನ ನಡುವಿನ ಗೆರೆಯೇ ಮಸುಕಾಗುತ್ತಿದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ತನ್ನ ಫೀನಿಕ್ಸ್ ಯೋಜನೆಯಲ್ಲಿ ರೂಪಿಸಿದ ಎಕ್ಸ್‌ಪೈಸ್ ಎಂಬ ಅಗ್ಗದ ಪೆಟ್ಟಿಗೆ ವಿಭವಾಂತರ, ಕಾಲ ಮುಂತಾದವನ್ನು ಅಳೆದು ನೇರವಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಜರ್ಮನಿಯ ಆಖನ್ ವಿಶ್ವವಿದ್ಯಾಲಯದ ಫೈಫಾಕ್ಸ್ ಆ್ಯಪ್ ಮೊಬೈಲ್ ಫೋನಿನೊಳಗೆ ಈಗಾಗಲೇ ಇರುವ ವೇಗೋತ್ಕರ್ಷ ಮಾಪಕವನ್ನೂ ಕಾಂತಕ್ಷೇತ್ರ ಮಾಪಕವನ್ನೂ ಅಳತೆಯ ಸಾಧನಗಳಾಗಿಸುತ್ತದೆ. ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶ ವೀಡಿಯೊದಲ್ಲಿನ ಚಲನೆಯನ್ನು ಚೌಕಟ್ಟು ಚೌಕಟ್ಟಾಗಿ ಗುರುತಿಸಿ ಸ್ಥಾನ ಮತ್ತು ವೇಗಗಳನ್ನು ಕೊಡುತ್ತದೆ. ಇವುಗಳಿಂದ ಬಂದ ನಿಜವಾದ ಅಳತೆಯನ್ನೂ, ವಿದ್ಯಾರ್ಥಿ ತಾನೇ ಬರೆದ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮಿನ ಲೆಕ್ಕವನ್ನೂ ಒಂದೇ ನಕ್ಷೆಯಲ್ಲಿ ಬಿಡಿಸುವುದು ಈಗ ಸಾಧ್ಯ. ದಾರದಲ್ಲಿ ತೂಗುವ ಫೋನಿನ ಆಂದೋಲನ ಕುಗ್ಗುವ ರೀತಿಯನ್ನು ಹೀಗೆ ಹೋಲಿಸಿದಾಗ, ಗಾಳಿಯ ತಡೆ ವೇಗಕ್ಕೆ ಅನುಪಾತದಲ್ಲಿದೆಯೆಂದು ಇಟ್ಟುಕೊಂಡ ಸಿಮ್ಯುಲೇಶನ್ ದೊಡ್ಡ ತೂಗಾಟಗಳಲ್ಲಿ ಅಳತೆಗೆ ಹೊಂದದೆ ಹೋಗಬಹುದು; ಆಗ ತಡೆಯನ್ನು ವೇಗದ ವರ್ಗಕ್ಕೆ ಅನುಪಾತದಲ್ಲಿಟ್ಟು ನೋಡಬೇಕೆ, ದಾರವನ್ನು ಕಟ್ಟಿದ ಮೊಳೆಯ ಘರ್ಷಣೆಯನ್ನು ಸೇರಿಸಬೇಕೆ, ಅಥವಾ ಫೋನು ತೂಗುವಾಗ ತಿರುಚಿಕೊಳ್ಳುತ್ತಿದೆಯೇ ಎಂದು ಮತ್ತೊಮ್ಮೆ ಕಟ್ಟಿ ನೋಡಬೇಕೆ ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕಾಗುತ್ತದೆ.